ಮೈಲಾರಪ್ಪನ ತಲೆಗೆಷ್ಟು ಯಂತ್ರ

ಮೊದಲೇ ಕ್ಷಮೆ ಕೇಳಿಬಿಡುವುದು ಒಳ್ಳೆಯದು. ಭೂಮಿ ಬಿಸಿಯಾಗುವಂಥ ದೊಡ್ಡ ವಿಷಯವನ್ನು ದೊಡ್ಡವರು ದೊಡ್ಡ ಸಭೆಗಳಲ್ಲಿ ಮಾತಾಡುತ್ತಿರುವಾಗ ಒಂದು ಹಳೆಯ ವ್ಯಾನು, ಒಂದು ಆಡು ಮತ್ತು ಮೂರು ಚೀಲ ಮೆಣಸಿನಕಾಯಿಯ ಸಂಗತಿ ಹೇಳಹೊರಡುವುದು ಉದ್ಧಟತನವೇ ಸರಿ. ಲೆಕ್ಕದಲ್ಲಿ ಎಲ್ಲಾದರೂ ಒಂದು ಸಂಖ್ಯೆ ತಪ್ಪಿರಬಹುದು. ನಡೆದದ್ದರಲ್ಲಿ ಮಾತ್ರ ತಪ್ಪಿಲ್ಲ.

ಆ ಸೋಮವಾರ ಬೆಳಿಗ್ಗೆ ಎಂಟೂವರೆಗೆ ಕೊಟ್ರವ್ವ ಕೈಚೀಲವನ್ನು ಎದೆಗವಚಿಕೊಂಡು ವ್ಯಾನಿನಲ್ಲಿ ಕೂತಳು. ಹದಿನೇಳು ವರ್ಷ ಊರ ಅಂಗನವಾಡಿಯಲ್ಲಿ ಸಹಾಯಕಿಯಾಗಿ ಮಕ್ಕಳ ಮೂಗು ಒರೆಸಿದವಳು. ಈಗ ಕಾರ್ಯಕರ್ತೆಯ ಜಾಗ ಖಾಲಿಯಾಗಿತ್ತು. ಹನ್ನೊಂದು ಗಂಟೆಯೊಳಗೆ ಬ್ಯಾಡಗಿಯ ಕಚೇರಿಯಲ್ಲಿ ಮೂಲ ದಾಖಲೆ ತೋರಿಸಿ ಅರ್ಜಿಗೆ ಅಧಿಕಾರಿಯ ಸಹಿ ಹಾಕಿಸಿಕೊಳ್ಳಬೇಕು. ಮುಂದಿನ ವರ್ಷ ಆಕೆಯ ವಯಸ್ಸು ಮೀರುತ್ತದೆ. ಗಣಿತದಲ್ಲಿ ಎರಡು ಸಲ ಬಿದ್ದು ಮೂರನೇ ಸಲ ಎದ್ದ ಎಸ್ಸೆಸ್ಸೆಲ್ಸಿಯ ಅಂಕಪಟ್ಟಿ ಆ ಕೈಚೀಲದಲ್ಲೇ ಇತ್ತು.

ಬ್ಯಾಡಗಿ ಹನ್ನೆರಡೇ ಕಿಲೋಮೀಟರು. ಭಯಪಡಲು ಕಾರಣವೇ ಇರಲಿಲ್ಲ, ಆಕೆಯ ಗಂಡ ಮೈಲಾರಪ್ಪನೊಬ್ಬನನ್ನು ಬಿಟ್ಟರೆ!

ಮೈಲಾರಪ್ಪ ಇಪ್ಪತ್ತೆರಡು ವರ್ಷ ಟೆಂಪೋ ಸ್ಟ್ಯಾಂಡಿನಲ್ಲಿ ಏಜೆಂಟನಾಗಿದ್ದವನು. ಜನರನ್ನು ಕೂಗಿ ಕರೆದು, ಸರ್ಕಾರಿ ಬಸ್ಸಿಗೆ ಕಾದು ನಿಂತವರನ್ನೂ ಎಳೆದು ತಂದು ಟೆಂಪೋಗೆ ತುಂಬುವುದು ಅವನ ಕಸುಬು. ಟೆಂಪೋಗಳು ಕಡಿಮೆಯಾದ ಮೇಲೆ ಒಂದು ಹಳೆಯ ಏಳು ಸೀಟಿನ ವ್ಯಾನು ಕೊಂಡು, ಅದರೊಳಗೆ ತನ್ನ ಮಿದುಳನ್ನೂ ತುಂಬಲು ಶುರು ಮಾಡಿದ್ದ.

"ನೋಡು!" ಎಂದು ಸ್ಟೀರಿಂಗಿನ ಪಕ್ಕ ಬೆಸೆದಿದ್ದ ಊಟದ ಡಬ್ಬಿಯೊಂದನ್ನು ತಟ್ಟಿದ. ಡಬ್ಬಿಯ ಮೇಲೆ ಕೆಂಪು ಅಂಕಿಗಳು ಮಿನುಗಿದವು. "ಇದಕ್ಕ 'ತಲೆಗೆಷ್ಟು' ಅಂತ ಹೆಸರಿಟ್ಟೀನಿ!"

"ಯಾರ ತಲೆಗ್ರಿ?"

"ಎಲ್ಲಾರ ತಲೆಗೂ! ಗಾಡಿ ಎಷ್ಟು ಹೊಗಿ ಬಿಡ್ತೈತಿ, ಒಳಗ ಎಷ್ಟು ಮಂದಿ ಕುಂತಾರ, ಭಾಗಿಸಿ ಹೇಳ್ತೈತಿ. ಹಿಂದ ಸೈಲೆನ್ಸರ್ ಹತ್ರ ಇದರ ಮೂಗು ಐತಿ. ಸೀಟಿನ ಕೆಳಗ ತೂಕದ ಪಟ್ಟಿ, ಮುಂದ ಕ್ಯಾಮೆರಾದ ಕಣ್ಣು. ಎಂಜಿನ್, ಬ್ರೇಕು, ಬಾಗಿಲು ಎಲ್ಲಾ ಇದರ ಮಾತ ಕೇಳ್ತಾವ. ಒಬ್ಬಾವ ಕುಂತು ಏಳು ಸೀಟಿನ ಗಾಡಿ ಓಡಿಸೂದು ಎಂಥಾ ಅನ್ಯಾಯ! ನಮ್ಮಂಥಾ ಸಾದಾ ಮಂದಿಗೆ ಕಾರ್ಖಾನಿ ಬಂದ್ ಮಾಡಾಕ ಆಗೂದಿಲ್ಲ. ಖಾಲಿ ಸೀಟು ತುಂಬಸಾಕರ ಆಗ್ತೈತಿಲ್ಲ?"

ಕೊಟ್ರವ್ವ ಇದಕ್ಕೆ ಇಲ್ಲ ಎನ್ನಲಾರಳು. ಹೋದ ಮಾರ್ಚಿನಲ್ಲಿ ಅಂಗನವಾಡಿಯ ತಗಡಿನ ಕೆಳಗೆ ಮಕ್ಕಳು ಬಾಡಿದ ಸೊಪ್ಪಿನಂತೆ ಬಿದ್ದುಕೊಂಡಾಗ, ಒದ್ದೆ ಟವೆಲು ಹಿಡಿದು ಒಂದೊಂದೇ ತಲೆಗೆ ಹಾಕುತ್ತ ತಿರುಗಿದವಳು ಆಕೆಯೇ.

"ಚಲೋದು ಮಾಡೀರಿ. ಈಗ ನಡೀರಿ, ಹೊತ್ತಾಗ್ತೈತಿ."

ಮೈಲಾರಪ್ಪ ಗುಂಡಿ ಒತ್ತಿದ. ಎಂಜಿನ್ನು ಗುರುಗುಟ್ಟಿತು, ಡಬ್ಬಿ ಬಾಯಿ ಬಿಟ್ಟಿತು. ಅದು ಮೈಲಾರಪ್ಪನದೇ ದನಿ, ಆದರೆ ನಾಲ್ಕು ಪಟ್ಟು ಜೋರು!

"ಬ್ಯಾಡಗಿ ಬ್ಯಾಡಗಿ ಬ್ಯಾಡಗೀ! ಖಾಲಿ ಐತಿ ಖಾಲಿ ಐತಿ! ಕುಂತು ಹೋಗ್ರಿ!"

ಬೇವಿನ ಮರದ ಕಾಗೆಗಳೆಲ್ಲ ಎದ್ದವು. ವ್ಯಾನು ಅಲುಗಲಿಲ್ಲ.

"ಯಾಕ್ರಿ ನಿಂತೈತಿ?"

"ತಲೆಗೆ ತೊಂಬತ್ತು ತೋರಸಾಕತ್ತೈತಿ ನೋಡು. ನಾವು ಇಬ್ಬರ ಅದೀವಿ. ತುಂಬೂತನಕ ಹೊರಡೂದಿಲ್ಲ!"

ತುಂಬುವುದೇನು ಕಷ್ಟವಾಗಲಿಲ್ಲ. ಸೋಮವಾರ ಬ್ಯಾಡಗಿಗೆ ಹೋಗುವವರು ಇದ್ದೇ ಇದ್ದರು. ಬಾಷಾಸಾಬರು ಮೆಣಸಿನಕಾಯಿಯ ಮೂರು ಚೀಲದೊಂದಿಗೆ ಹತ್ತಿದರು. ಡಬ್ಬಿ ಚೀಲಗಳನ್ನೂ ತಲೆಯೆಂದೇ ಎಣಿಸಿತು. ಸಾವಂತ್ರಜ್ಜಿ ಆಡು ಎತ್ತಿಕೊಂಡು ಬಂದಳು. ಅದೂ ಒಂದು ತಲೆ! ಏಳಾಯಿತು, ಒಂಬತ್ತಾಯಿತು, ಹದಿನಾಲ್ಕಾಯಿತು. ಡಬ್ಬಿ ನಿಲ್ಲಿಸಲಿಲ್ಲ.

"ಹಿಂದ ಜಾಗ ಐತಿ! ಒತ್ತರಿಸ್ರಿ! ಯಜ್ಜಿ, ಆಡು ತೊಡಿಮ್ಯಾಲ ಕುಂಡ್ರಿಸ್ಕೊ!"

"ಇದು ಏಳು ಸೀಟಿನ ಗಾಡಿರೀ!" ಕೊಟ್ರವ್ವ ಬಾಷಾಸಾಬರ ಮೊಣಕೈ ಮತ್ತು ಆಡಿನ ಕೊಂಬಿನ ನಡುವಿನಿಂದ ಕೂಗಿದಳು.

"ಟೆಂಪೋದಾಗ ಏಳು ಅಂದ್ರ ಹದಿನಾಲ್ಕು," ಎಂದ ಮೈಲಾರಪ್ಪ, ಸ್ವಲ್ಪ ನಾಚಿಕೊಂಡು. "ನನ್ನ ಕಡೆನ ಕಲ್ತೈತಿ."

ಒಂಬತ್ತೂ ಇಪ್ಪತ್ತಕ್ಕೆ ವ್ಯಾನು ಚಲಿಸಿತು. "ಹೊರಟೇಬಿಡ್ತು ಹೊರಟೇಬಿಡ್ತು!" ಎನ್ನುತ್ತ ಹತ್ತು ಮಾರು ಮುಂದೆ ಹೋಯಿತು. ಕೊಟ್ರವ್ವ ನಿಟ್ಟುಸಿರು ಬಿಡುವಷ್ಟರಲ್ಲಿ ಹತ್ತು ಮಾರು ಹಿಂದೆ ಬಂತು! ಮತ್ತೆ ಮುಂದೆ. ಮತ್ತೆ ಹಿಂದೆ. ಹೊರಟ ಹಾಗೆ ಮಾಡಿದರೆ ಮನೆಯಲ್ಲಿದ್ದವರು ಓಡಿ ಬಂದು ಹತ್ತುತ್ತಾರೆ ಎಂಬುದು ಟೆಂಪೋದವರ ಹಳೆಯ ಉಪಾಯ. ಹೀಗೆ ಹಿಂದೆ ಮುಂದೆ ಆಡಿ ಹೊಗೆ ಹೆಚ್ಚಾಯಿತು. ಹದಿಮೂರಕ್ಕಿಳಿದಿದ್ದ ಅಂಕಿ ಇಪ್ಪತ್ತಕ್ಕೇರಿತು. ಅದನ್ನು ಇಳಿಸಲು ಇನ್ನಷ್ಟು ತಲೆ ಬೇಕಾಯಿತು. ಅವರನ್ನು ಕರೆಯಲು ವ್ಯಾನು ಇನ್ನಷ್ಟು ಹಿಂದೆ ಮುಂದೆ ಆಡಿತು!

"ಎಷ್ಟಾದ್ರ ಸಾಕಂತರೀ ಇದಕ್ಕ?"

"ಸೊನ್ನಿ," ಎಂದ ಮೈಲಾರಪ್ಪ. "ತಲೆಗೆ ಸೊನ್ನಿ ಬರೂತನಕ ಬಿಡಬ್ಯಾಡ ಅಂತ ಹೇಳೀನಿ."

ಕೊಟ್ರವ್ವನಿಗೆ ಗರ ಬಡಿದಂತಾಯಿತು. "ಭಾಗಿಸಿದ್ರ ಸೊನ್ನಿ ಹೆಂಗ ಬರ್ತೈತ್ರಿ! ಇಡೀ ಹಾವೇರಿ ಜಿಲ್ಲಾ ತುಂಬಿದ್ರೂ ಚೂರು ಉಳೀತೈತಿ! ಬಂದ್ ಮಾಡ್ರಿ!"

"ಬಂದ್ ಮಾಡೂ ಗುಂಡಿ ಇಟ್ಟಿಲ್ಲ. ಮಂದಿ ಮನಸ್ಸು ನಡುವ ಬದಲಾಗಬಾರ್ದು ಅಂತ..."

ಒಂಬತ್ತೂ ಮುಕ್ಕಾಲು. ಸಿಟ್ಟಿಗೆ ಕೊಟ್ರವ್ವ ಡಬ್ಬಿಗೇ ಬಾಯಿ ಹಚ್ಚಿ ಕೇಳಿದಳು: "ಏನೋ ಡಬ್ಬಿ, ಎಂಜಿನ್ ಬಂದ್ ಮಾಡಿದ್ರ ಹೊಗಿ ಎಷ್ಟು?"

ಗಕ್ಕನೆ ಎಂಜಿನ್ನು ನಿಂತಿತು. ಅಂಕಿ ಸೊನ್ನೆಗಿಳಿಯಿತು!

"ರೈಟ್!" ಎಂದಿತು ಡಬ್ಬಿ. "ಎಲ್ಲಾರೂ ಇಳೀರಿ! ನೂಕ್ರಿ!"

ಊರೆಲ್ಲ ದಂಗಾಯಿತು. ಆದರೂ ನೂಕಿದರು, ಯಾಕೆಂದರೆ ಎಲ್ಲರಿಗೂ ಬ್ಯಾಡಗಿಯಲ್ಲಿ ಕೆಲಸವಿತ್ತು. ಇಪ್ಪತ್ತೊಂದು ಮಂದಿಯ ಕೈ ತಾಗಿದ ಮೇಲೆ ವ್ಯಾನು ನಿಜವಾಗಿಯೂ ಓಡಿತು. ಒಂದು ತೊಟ್ಟು ಹೊಗೆಯಿಲ್ಲ! ಮೈಲಾರಪ್ಪ ಸ್ಟೀರಿಂಗ್ ಹಿಡಿದು ಹೆಮ್ಮೆಯಿಂದ ಕುತ್ತಿಗೆ ಉದ್ದ ಮಾಡಿದ. ಪಕ್ಕದಲ್ಲಿ ಕೊಟ್ರವ್ವ ಗಡಿಯಾರ ನೋಡುತ್ತ ಕೂತಳು.

ಕೆರೆಯ ಮೇಲಿನ ದಿಬ್ಬ ಹತ್ತುವಾಗ ಅಂಕಿ ತಾನೇ ಮೇಲೇರತೊಡಗಿತು. ಎರಡು. ಐದು. ಒಂಬತ್ತು!

"ಎಂಜಿನ್ನ ಇಲ್ಲ, ಹೊಗಿ ಎಲ್ಲಿಂದ ಬಂತ್ರೀ?"

ಹೊಗೆ ಹಿಂದಿನಿಂದ ಬಂದಿತ್ತು. ನೂಕುವವರೆಲ್ಲ ಏದುಸಿರು ಬಿಡುತ್ತಿದ್ದದ್ದು ನೆಟ್ಟಗೆ ಯಂತ್ರದ ಮೂಗಿಗೇ! ಸಾಲದ್ದಕ್ಕೆ ಮೆಣಸಿನಕಾಯಿಯ ಘಾಟು ಬಾಗಿಲಿನಿಂದ ಇಳಿದು ಇಪ್ಪತ್ತೊಂದು ಮಂದಿಯೂ ಸೀನತೊಡಗಿದ್ದರು. ಪ್ರತಿ ಸೀನಿಗೆ ಅಂಕಿ ಜಿಗಿಯುತ್ತಿತ್ತು.

"ಉಸಿರು ಬಿಡಬ್ಯಾಡ್ರಿ! ಹಿಂದಿನವ್ರು ಉಸಿರು ಹಿಡೀರಿ!" ಎಂದು ಡಬ್ಬಿ ಕೂಗಿತು.

"ಉಸಿರು ಹಿಡದ್ರ ಬ್ಯಾಡಗಿಗೆ ಹೋಗೂದಿಲ್ಲೋ, ನೆಟ್ಟಗ ಮ್ಯಾಲ ಹೋಗ್ತೀವಿ!" ಎಂದು ಬಾಷಾಸಾಬರು ಅಬ್ಬರಿಸಿದರು. "ಮೈಲಾರಪ್ಪ, ಇಳಿದು ಬಾ ಇಲ್ಲಿ, ನಿನ್ನ ಯಂತ್ರದ ಮೂಗಿಗೆ ಒಂದು ಇಡ್ತೀನಿ!"

ದಿಬ್ಬದ ತುದಿಯಲ್ಲಿ ಮೈಲಾರಪ್ಪ ಅವರನ್ನು ತಡೆಯಲು ಇಳಿದ. ಅವನನ್ನು ಬಿಡಿಸಲು ಕೊಟ್ರವ್ವ ಇಳಿದಳು. ಹೆಂಡತಿಯರು ಹಾಗೆ ಇಳಿಯುತ್ತಾರೆ, ಕೈಚೀಲದ ನೆನಪೂ ಇಲ್ಲದೆ.

ಹಿಂದಿನಿಂದ ಬಾಗಿಲು ಧಡ್ ಎಂದಿತು. ಬ್ರೇಕು ಸಡಿಲಿತು.

"ಮಂದಿ ಇಲ್ಲ, ಉಸಿರಿಲ್ಲ, ಹೊಗಿ ಇಲ್ಲ! ರೈಟ್, ರೈಟ್!"

ಖಾಲಿ ವ್ಯಾನು ಮೂರು ಚೀಲ ಮೆಣಸಿನಕಾಯಿ ಮತ್ತು ಹದಿನೇಳು ವರ್ಷದ ಆಸೆಯನ್ನು ಹೊತ್ತು ಇಳಿಜಾರಿನಲ್ಲಿ ಒಂದೇ ಸಮನೆ ಹೊರಟಿತು! ರಸ್ತೆ ನೆಟ್ಟಗಿದ್ದದ್ದು, ಎದುರಿಗೆ ಯಾರೂ ಇಲ್ಲದಿದ್ದದ್ದು ಪುಣ್ಯ. ಹತ್ತೂ ಹದಿನೆಂಟು.

ಆಗ ಹಿಂದಿನಿಂದ ಸರ್ಕಾರಿ ಬಸ್ಸು ಬಂತು. ಕೊಟ್ರವ್ವ ಎರಡೂ ಕೈ ಎತ್ತಿ ರಸ್ತೆಯ ನಡುವೆ ನಿಂತಳು.

"ಏ, ಅದಕ್ಕ ಕೈ ಮಾಡ್ತೀಯೇನ!" ಮೈಲಾರಪ್ಪ ಹೌಹಾರಿದ. "ನನ್ನ ಮರ್ಯಾದಿ ಏನಾಗಬೇಕು? ಮಂದಿ ಏನಂತಾರ?"

"ಮಂದಿ ಆಗಲೇ ಹತ್ಯಾರ, ನೋಡ್ರಿ. ನೀವು ಬರ್ತೀರೋ, ನಡಕೊಂಡು ಹೋಗ್ತೀರೋ?"

ನಿಜ, ಇಪ್ಪತ್ತೊಂದು ಮಂದಿಯೂ, ಆಡೂ ಬಸ್ಸಿನೊಳಗೆ ಸೇರಿಯಾಗಿತ್ತು. ಮೈಲಾರಪ್ಪ ಮುಖ ಮರೆಸಿಕೊಂಡು ಕೊನೆಗೆ ಹತ್ತಿದ.

ಇಳಿಜಾರು ಮುಗಿದಲ್ಲಿ ವ್ಯಾನು ತಾನೇ ನಿಂತಿತ್ತು. ಡಬ್ಬಿಯ ಮೇಲೆ ಅಂಕಿಗಳು ಹುಚ್ಚೆದ್ದು ಓಡುತ್ತಿದ್ದವು. ಹೊಗೆ ಸೊನ್ನೆ. ಉಸಿರಾಡದ ಚೀಲಗಳು ತಲೆಯಲ್ಲವೆಂದು ಅದಕ್ಕೀಗ ಹೊಳೆದಿದ್ದರಿಂದ ತಲೆಯೂ ಸೊನ್ನೆ. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಎಷ್ಟು ಎಂದು ತಿಳಿಯದೆ ಯಂತ್ರ ನರಳುತ್ತಿತ್ತು. ಬಾಗಿಲು ಬಿಗಿಯಾಗಿ ಮುಚ್ಚಿತ್ತು. ಕಂಡಕ್ಟರು ಎರಡು ನಿಮಿಷ ಕೊಟ್ಟರು.

ಕೊಟ್ರವ್ವ ಗಾಜಿಗೆ ಹಣೆ ಹಚ್ಚಿದಳು. ಎರಡು ಸಲ ಬಿದ್ದ ಗಣಿತವನ್ನೆಲ್ಲ ಒಟ್ಟುಗೂಡಿಸಿ ಹೇಳಿದಳು: "ಚೀಲ ಎಣಿಸಬ್ಯಾಡ, ಅವು ತಲೆ ಅಲ್ಲ ಅಂತ ಈಗ ನಿನಗೂ ತಿಳದೈತಿ. ನಾ ಒಬ್ಬಾಕಿ ಉಸಿರು ಹಿಡಿದು ಒಳಗ ಬಂದ್ರ ತಲೆ ಒಂದು. ಹೊಗಿ ಸೊನ್ನಿ. ಒಂದರಿಂದ ಭಾಗಿಸು. ಎಷ್ಟು?"

ಅಂಕಿಗಳು ನಿಂತವು. ಸೊನ್ನೆ! ಬಾಗಿಲು ತೆರೆಯಿತು. ಆಕೆ ಉಸಿರು ಹಿಡಿದೇ ಕೈ ಚಾಚಿ, ಕೈಚೀಲ ಕಿತ್ತುಕೊಂಡು ಬಸ್ಸಿಗೆ ಓಡಿದಳು. ಬಾಷಾಸಾಬರು ಅದೇ ಗಡಿಬಿಡಿಯಲ್ಲಿ ಚೀಲಗಳನ್ನೂ ಎಳೆದುಕೊಂಡರು.

ಬಸ್ಸು ಹೊರಡುವಾಗ ಡಬ್ಬಿ ಅದರೊಳಗಿನ ತಲೆಗಳನ್ನು ಕಂಡಿತು. ಎಪ್ಪತ್ತಮೂರು! ಅಷ್ಟು ತಲೆಗಳನ್ನು ಒಂದೇ ಕಡೆ ಅದು ಕಂಡೇ ಇರಲಿಲ್ಲ. ಇಡೀ ಕೆರೆಯಂಗಳಕ್ಕೆ ಕೇಳುವಂತೆ ಮೈಲಾರಪ್ಪನ ದನಿ ಎದ್ದಿತು:

"ಬ್ಯಾಡಗಿ ಬ್ಯಾಡಗಿ ಬ್ಯಾಡಗೀ! ಸರ್ಕಾರಿ ಬಸ್ಸು! ಟೆಂಪೋ ಹತ್ತಬ್ಯಾಡ್ರಿ! ಸರ್ಕಾರಿ ಬಸ್ಸಿಗೆ ಬರ್ರಿ!"

ಬಸ್ಸಿನ ಮೆಟ್ಟಿಲ ಮೇಲೆ ಮೈಲಾರಪ್ಪ ಕುಸಿದು ಕೂತ. "ನನ್ನ ಗಂಟಲು..." ಎಂದಷ್ಟೇ ಅಂದ.

ಹತ್ತೂ ಐವತ್ಮೂರಕ್ಕೆ ಕೊಟ್ರವ್ವ ಅಧಿಕಾರಿಯ ಮೇಜಿನ ಮುಂದಿದ್ದಳು. ಆಕೆ ಅಂಕಪಟ್ಟಿ ಬಿಡಿಸಿದಳು. ಅದು ಬೆಳಗಿನಿಂದ ಮೆಣಸಿನಕಾಯಿಯ ಪಕ್ಕ ಕೂತು ಬಂದ ಅಂಕಪಟ್ಟಿ. ಅದನ್ನು ನೋಡಿದ ಅಧಿಕಾರಿ ಮೇಡಮ್ಮು ಸಹಿ ಹಾಕಲು ಅರ್ಜಿಯ ಮೇಲೆ ಪೆನ್ನು ಇಟ್ಟರು, ಸೀನಿದರು. ಮತ್ತೆ ಇಟ್ಟರು, ಮತ್ತೆ ಸೀನಿದರು. ನಾಲ್ಕನೇ ಸೀನಿಗೆ ಸಹಿ ಹಾಳೆಯಿಂದ ಇಳಿದು ಮೇಜಿನ ಮೇಲೆ ಮುಗಿಯಿತು.

"ಮೇಡಂ, ಇದು ನಡೀತೈತ್ರಿ?" ಕೊಟ್ರವ್ವ ಮೇಜಿನ ಮೇಲೆ ಬಾಗಿ ಕೇಳಿದಳು.

"ನೋ... ನೋಡೋಣಮ್ಮ," ಎಂದು ಅವರು ಐದನೇ ಸಲ ಸೀನಿದರು.

ವ್ಯಾನು ಈಗ ಊರ ಬಸ್‌ನಿಲ್ದಾಣದ ಪಕ್ಕ ನಿಂತಿದೆ. ದಿನವೂ ಬೆಳಿಗ್ಗೆ ಸರ್ಕಾರಿ ಬಸ್ಸಿಗೆ ಜನ ಕರೆಯುತ್ತದೆ. ಒಬ್ಬನೇ ಬೈಕಿನಲ್ಲಿ ಹೋಗುವವನ ಹೆಸರು ಹಿಡಿದು ಕೂಗುತ್ತದೆ. ಬಸ್ಸು ಸಾಲುತ್ತಿಲ್ಲವೆಂದು ಊರವರು ಇನ್ನೊಂದು ಬಸ್ಸಿಗೆ ಅರ್ಜಿ ಹಾಕಿದ್ದಾರೆ. ಮೈಲಾರಪ್ಪ ಮಾತ್ರ ಆ ದನಿ ತಪ್ಪಿಸಿಕೊಂಡು ಹಿಂದಿನ ರಸ್ತೆಯಲ್ಲಿ ತಿರುಗಾಡುತ್ತಾನೆ.

ಇದರಿಂದ ಭೂಮಿಯ ಬಿಸಿ ಎಷ್ಟು ಇಳಿಯಿತೋ ಅಳೆದವರಿಲ್ಲ. ಆಯ್ಕೆಯ ಪಟ್ಟಿಯನ್ನು ಇನ್ನೂ ಹಚ್ಚಿಲ್ಲ. ಮುಕ್ಕಾಲು ಹಾಳೆಯ ಮೇಲೂ ಕಾಲು ಮೇಜಿನ ಮೇಲೂ ಇರುವ ಸಹಿ ಸಹಿಯಾಗುತ್ತದೆಯೋ ಇಲ್ಲವೋ, ಕೇಳಿದವರಿಗೆಲ್ಲ ಕೊಟ್ರವ್ವ ಒಂದೇ ಉತ್ತರ ಹೇಳುತ್ತಾಳೆ: "ಗೊತ್ತಿಲ್ರಿ." ಬರೆದವರಿಗೂ ಗೊತ್ತಿಲ್ಲ.