ತೊಂಬತ್ತೊಂದು ಆಕ್ಟೇನ್ ಸಾಹೇಬರಿಗೆ ನಿವೃತ್ತ ಗಣಿತ ಮಾಸ್ತರನ ಬಿನ್ನಹ

ಬಸವನ ಬಾಗೇವಾಡಿ
೧೬ ಜೂನ್ ೨೦೦೩

ನಮ್ಮೂರ ಪೆಟ್ರೋಲ್ ಪಂಪಿನ ಹೊಸ ಹಳದಿ ಫಲಕದ ಮೇಲೆ ವಿರಾಜಮಾನರಾಗಿರುವ ಶ್ರೀಮಾನ್ ತೊಂಬತ್ತೊಂದು ಆಕ್ಟೇನ್ ಸಾಹೇಬರಿಗೆ,

ಮಾನ್ಯರೇ,

ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತನಾದ ನಾನು ಎರಡೂ ಕೈ ಜೋಡಿಸಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ತಾವು ನಮ್ಮೂರಿಗೆ ದಯಮಾಡಿಸಿದ ದಿನ ನನಗಾದ ಸಂತೋಷ ಅಷ್ಟಿಷ್ಟಲ್ಲ. ಸಾದಾ ಪೆಟ್ರೋಲಿಗೆ ಎಂಬತ್ತೆಂಟು, ತಮಗೆ ತೊಂಬತ್ತೊಂದು! ಜೀವಮಾನವಿಡೀ ಉತ್ತರಪತ್ರಿಕೆ ತಿದ್ದಿದವನಿಗೆ ಇನ್ನೇನು ಬೇಕು? ನೂರಕ್ಕೆ ತೊಂಬತ್ತೊಂದು ಅಂಕ ಪಡೆದವರು ಎದುರಿಗೇ ನಿಂತಿರುವಾಗ ಎಂಬತ್ತೆಂಟರವನನ್ನು ಮಾತಾಡಿಸುವುದು ನನ್ನ ವೃತ್ತಿಗೇ ಅವಮಾನವೆಂದು ತಿಳಿದೆ.

ಆಗ ನನ್ನ ಹದಿನೆಂಟು ವರ್ಷದ ಸ್ಕೂಟರು ಏರು ಬಂದರೆ ಸಾಕು, ಖಟಖಟ ಎಂದು ಹಲ್ಲು ಕಡಿಯುತ್ತಿತ್ತು. ಮೆಕ್ಯಾನಿಕ್ ಕಾಸಿಂಸಾಬ ಅದಕ್ಕೆ ಕಿವಿಗೊಟ್ಟು ಹೇಳಿದ: "ಸರ, ಒಳಗ ಕಾರ್ಬನ್ ಕಟ್ಟೈತ್ರಿ. ಅರ್ಧ ದಿನ ಬಿಟ್ಟು ಹೋಗ್ರಿ, ಬಿಚ್ಚಿ ಸ್ವಚ್ಛ ಮಾಡಿ ಕೊಡ್ತೇನಿ. ಈ ಗಾಡಿಗಿ ಸಾದಾ ಪೆಟ್ರೋಲೇ ಸಾಕ್ರಿ. ಆ ನಂಬರು ಶಕ್ತಿ ಅಲ್ರಿ. ಒತ್ತಡ ಬಿದ್ರ ಕಿಡಿಗಿಂತ ಮೊದಲ ಹೊತ್ತಿಕೊಳ್ಳದಂಗ ತಡಕೊಳ್ಳೂ ಗುಣ, ಅಷ್ಟ." ಒಂಬತ್ತನೆಯ ಇಯತ್ತೆಯಲ್ಲಿ ಎರಡು ಸಲ ನಪಾಸಾದ ನನ್ನ ಶಿಷ್ಯ ನನಗೇ ಅಂಕಿಯ ಅರ್ಥ ಹೇಳುವುದೇ? ಅವನ ಮಾತನ್ನು ಕಿವಿಯ ಮೇಲೆ ಹಾಕಿಕೊಳ್ಳದೆ ತಮ್ಮನ್ನು ಟ್ಯಾಂಕಿನ ತುಂಬ ಬರಮಾಡಿಕೊಂಡೆ.

ಮರುದಿನ ಹನ್ನೊಂದಕ್ಕೆ ಮಗಳು ಶೈಲಶ್ರೀಗೆ ಮುದ್ದೇಬಿಹಾಳದ ಒಂದು ಶಾಲೆಯಲ್ಲಿ ಶಿಕ್ಷಕಿಯ ಕೆಲಸಕ್ಕೆ ಸಂದರ್ಶನವಿತ್ತು. ಬಿ.ಎಡ್. ಮುಗಿಸಿ ಮೂರು ವರ್ಷ ಅರ್ಜಿ ಹಾಕಿ ಹಾಕಿ ಬಂದ ಮೊದಲ ಕರೆ ಅದು. ಅವಳು ಬೆಳಗಿನ ಬಸ್ಸಿಗೆ ಹೊರಟು ನಿಂತಿದ್ದಳು. "ತೊಂಬತ್ತೊಂದು ಹಾಕಿಸೇನಿ, ಬಸ್ಸ್ಯಾಕ ಬೇಕವಾ?" ಎಂದು ತಡೆದವನು ನಾನೇ.

ತಮ್ಮ ಪ್ರತಾಪವನ್ನು ಎಷ್ಟು ಕೊಂಡಾಡಿದರೂ ಕಡಿಮೆ. ಅರ್ಧ ದಾರಿಯ ಏರಿನಲ್ಲಿ ಸ್ಕೂಟರು ಒಮ್ಮೆ ಕೆಮ್ಮಿ, ತಮ್ಮನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಕಣ್ಣು ಮುಚ್ಚಿತು. ಇಸ್ತ್ರಿ ಮಾಡಿದ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ನನ್ನ ಮಗಳು ತಮ್ಮನ್ನು ಹಿಂದಿನಿಂದ ದಬ್ಬಿದಳು. ನಾವು ಬಿಟ್ಟುಕೊಟ್ಟ ಬಸ್ಸಿನ ನಂತರದ ಬಸ್ಸೂ, ಕೈ ಮಾಡಿದರೂ ನಿಲ್ಲದೆ, ನಮ್ಮ ಮೇಲೆ ಧೂಳೆರಚಿ ಹೋಯಿತು. ಕೊನೆಗೆ ನಿಂಬೆಹಣ್ಣಿನ ಟೆಂಪೊ ಹತ್ತಿ ನಾವು ಶಾಲೆ ಮುಟ್ಟಿದಾಗ ಒಂದೂವರೆ. ಜವಾನ ಬಾಗಿಲಲ್ಲೇ ಹೇಳಿದ: "ಮುಗೀತ್ರಿ ಅಕ್ಕಾರ. ಇದ್ದದ್ದೊಂದ ಜಾಗಾ, ತುಂಬಿತು." ಅವಳು ಅಳಲಿಲ್ಲ, ನನ್ನನ್ನು ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆದಕಾರಣ ತಾವು ಕೃಪೆಯಿಟ್ಟು, ಸ್ವತಃ ಮುದ್ದೇಬಿಹಾಳಕ್ಕೆ ಹೋಗಿ, ಗಡಿಯಾರವನ್ನು ಹನ್ನೊಂದಕ್ಕೆ ತಿರುಗಿಸಿ, ಸಂದರ್ಶನವನ್ನು ಮತ್ತೊಮ್ಮೆ ನಡೆಸಿಕೊಡಬೇಕು. ಅದು ಆಗದಿದ್ದರೆ, ತೊಂಬತ್ತೊಂದು ಅಂಕದ ಬುದ್ಧಿವಂತರಾದ ತಾವೇ ಆ ಶಾಲೆಗೆ ಸೇರಿ ಪಾಠ ಹೇಳಿ, ಪಗಾರವನ್ನು ನನ್ನ ಮಗಳ ಕೈಗೆ ತಂದುಕೊಡಬೇಕು. ಅದೂ ಆಗದಿದ್ದರೆ ಫಲಕದ ಮೇಲೆ ತಮ್ಮ ಹೆಸರಿನ ಕೆಳಗೆ, 'ಇವು ಅಂಕಗಳಲ್ಲ, ನಿವೃತ್ತ ಮಾಸ್ತರರು ಗಮನಿಸಬೇಕು' ಎಂದು ದಪ್ಪ ಅಕ್ಷರದಲ್ಲಿ ಬರೆಸಿಕೊಳ್ಳಬೇಕಾಗಿ ಪ್ರಾರ್ಥನೆ.

ಏರಿನಲ್ಲಿಯೂ ಇಳಿವಿನಲ್ಲಿಯೂ ತಮ್ಮ ವಿಶ್ವಾಸಿ,
ಚನ್ನಬಸಯ್ಯ ಹಿರೇಮಠ

ತಾ.ಕ.: ಅಂಚೆಗೆ ಹಾಕುವ ಮೊದಲು ಈ ಪತ್ರವನ್ನು ಶೈಲಶ್ರೀಗೆ ಓದಿ ತೋರಿಸಿದೆ. ನಗುತ್ತಾಳೆಂದುಕೊಂಡಿದ್ದೆ. "ಛಲೋ ಬರದೀರಿ ಅಪ್ಪಾ. ಆದ್ರ ಪೆಟ್ರೋಲಿಗ್ಯಾಕ ಬರದ್ರಿ? ಬಸ್ಸಿಗಿ ಹೋಗಬ್ಯಾಡ ಅಂದದ್ದು ಅದೇನ?" ಎಂದಳು. ಅವಳಿಗೊಂದು ಪತ್ರ ಬರೆಯಲು ಕುಳಿತು ಇವತ್ತಿಗೆ ನಾಲ್ಕು ದಿನ. ತಮಗೆ ಬರೆದಷ್ಟು ಸಲೀಸಾಗಿ ಒಂದು ಸಾಲೂ ಬರುತ್ತಿಲ್ಲ.