ಗುಂಪಿನ ಹಿಂದೆ ಬಿದ್ದ ನನ್ನ ಪಿಎಚ್‌ಡಿ

ಮ್ಯೂಚುವಲ್ ಫಂಡ್ ಮೇಲೆ ಸಂಶೋಧನೆ ಮಾಡುವವರಿಗೆ ಮುಂಬೈಯಲ್ಲಿ ನಗೆಪಾಟಲಾಗುವ ಪ್ರಸಂಗಗಳಿಗೆ ಬರವಿಲ್ಲ. ಒಬ್ಬರು ಕೊಂಡದ್ದನ್ನೇ ಎಲ್ಲರೂ ಕೊಂಡು ಶೇರುಪೇಟೆಯನ್ನು ಏರಿಸುತ್ತಾರೆ, ಒಬ್ಬರು ಮಾರಿದರೆ ಎಲ್ಲರೂ ಮಾರಿ ಬೀಳಿಸುತ್ತಾರೆ. ಇದು ನನ್ನ ವಿಷಯ. ಪವಾಯಿಯಲ್ಲಿರುವ ನನ್ನ ಗೈಡ್ ಖಡಾಖಂಡಿತವಾಗಿ ಹೇಳಿಬಿಟ್ಟರು: "ಅಂಕಿಅಂಶ ಸಾಕು. ಗುಂಪಿನ ಹಿಂದೆ ಯಾಕೆ ಹೋದೆ ಅಂತ ಒಬ್ಬರಾದರೂ ಬಾಯಿಬಿಟ್ಟು ಹೇಳಲಿ. ಇಲ್ಲದಿದ್ದರೆ ನಿನ್ನ ಥೀಸಿಸ್ ಮುಟ್ಟೋಲ್ಲ." ನಾನೂ ಹಟಮಾರಿ. ಹೇಳಿಸಿಯೇ ತೀರುತ್ತೇನೆಂದು ಹೊರಟೆ.

ಅಂಧೇರಿಯ ಸಾಹೇಬರು

ಬಹಳ ಅಲೆದಾಡಿಸಿದ ಮೇಲೆ ಒಬ್ಬ ಫಂಡ್ ಮ್ಯಾನೇಜರ್ ಸಿಕ್ಕರು.

"ಬೇರೆ ಫಂಡ್‌ನವರನ್ನು ನೋಡಿ ನೀವು ಶೇರು ಕೊಳ್ತೀರಾ?"

"ಛೇ! ನಮ್ಮದು ಸ್ವತಂತ್ರ ನಿರ್ಧಾರ."

ಪೆಚ್ಚುಮೋರೆ ಹಾಕಿಕೊಂಡು ಎದ್ದೆ. ಲಿಫ್ಟ್‌ವರೆಗೂ ಬಂದ ಸಾಹೇಬರು ಮೆಲ್ಲಗೆ ಕೇಳಿದರು: "ಬೇರೆಯವರನ್ನೂ ಮಾತಾಡಿಸ್ತೀರಲ್ಲ... ಅವರು ಏನು ತಗೊಳ್ತಿದ್ದಾರೆ?"

ಕಷ್ಟದ ಸಿಲೆಬಸ್

ಆಂಟಾಪ್ ಹಿಲ್‌ನ ನಮ್ಮ ಬಿಲ್ಡಿಂಗಿನಲ್ಲಿ ಮೈಸೂರಿನ ಅಂಕಲ್ ಒಬ್ಬರಿದ್ದಾರೆ. ಮೆಟ್ಟಿಲಲ್ಲೇ ತಡೆದರು. "ಯಾವ ಫಂಡ್‌ಗೆ ಹಾಕ್ಲಮ್ಮ?"

"ನಾನು ಸಲಹೆ ಕೊಡೋಲ್ಲ ಅಂಕಲ್. ಅಧ್ಯಯನ ಮಾಡ್ತೀನಿ ಅಷ್ಟೆ."

ಅವರು ಹೆಂಡತಿಯ ಕಡೆ ತಿರುಗಿದರು. "ಇಷ್ಟು ವರ್ಷ ಓದಿದ್ರೂ ಗೊತ್ತಾಗಿಲ್ಲ ನೋಡು, ಪಾಪ. ಇವಳಿಗೊಂದು ಲೋಟ ಕಾಫಿ ಕೊಡು."

ಭಜನಾ ಮಂಡಳಿ

ನಮ್ಮ ಬಿಲ್ಡಿಂಗಿನ ಭಜನಾ ಮಂಡಳಿಯ ಹೆಂಗಸರೆಲ್ಲ ಒಂದೇ ಫಂಡ್‌ಗೆ ಹಣ ಹಾಕಿದ್ದರು. ಇನ್ನೇನು ಬೇಕು! ಪ್ರಶ್ನೆಗಳ ಹಾಳೆ ಹಂಚಿ, ಒಬ್ಬೊಬ್ಬರೇ ಕೂತು ಬರೆಯಿರಿ ಎಂದು ಕೈಮುಗಿದೆ.

ಮಂಡಳಿಯಲ್ಲಿ ಅಧ್ಯಕ್ಷೆ ಒಂದು ಸಾಲು ಹೇಳಿಕೊಟ್ಟರೆ ಉಳಿದವರು ಅದನ್ನೇ ಹಾಡುವುದು ವಾಡಿಕೆ. ಹಾಳೆಗಳನ್ನೂ ಹಾಗೆಯೇ ತುಂಬಿಸಿದ್ದರು. ಎಲ್ಲರ ಗಂಡಂದಿರೂ ರೈಲ್ವೆಯಲ್ಲಿ. ಹೆಂಗಸರೆಲ್ಲರಿಗೂ ಐವತ್ತೆರಡು ವರ್ಷ!

ತಲೆ ಚಚ್ಚಿಕೊಂಡೆ, ಬಿಡಲಿಲ್ಲ. ಮಂಡಳಿಗೆಲ್ಲ ಹಿರಿಯರಾದ ಮಂಗಳೂರಿನ ಅಜ್ಜಿಯ ಮನೆಗೆ ಹೋಗಿ ಎದುರು ಕೂತೆ.

"ಅಜ್ಜಿ, ನಿಮ್ಮ ಮೊಮ್ಮಗಳಿಗೇ ಮದುವೆಯಾಗಿದೆ. ಐವತ್ತೆರಡು ಅಂತ ಯಾಕೆ ಬರೆದಿರಿ?"

"ಎಂತ ಮಾರಾಯ್ತಿ! ಎಲ್ಲರೂ ಐವತ್ತೆರಡು ಆಗುವಾಗ ನಾನೊಬ್ಬಳೇ ಮುದುಕಿಯಾಗಿ ಕೂತುಕೊಳ್ಳುವುದಾ? ಆ ಫಂಡಿಗೆ ದುಡ್ಡು ಹಾಕಿದ್ದೂ ಅದಕ್ಕೇ. ಬರೆದುಕೋ."

ಕುಣಿಯುವಷ್ಟು ಖುಷಿಯಾಯಿತು. ಒಂದಕ್ಷರ ಬಿಡದೆ ಬರೆದುಕೊಂಡೆ. ವಯಸ್ಸು ತಿದ್ದಲು ಮಾತ್ರ ಅಜ್ಜಿ ಬಿಡಲಿಲ್ಲ.