ರುಮಾಲಿನ ಹಾಜರಿ

"ಇನ್ನ ಮ್ಯಾಲ ಈ ಇಂಡಿಯಾಗ ಡಿಜಿಟಲ್ ಅಂದ್ರ ಶಂಕರೆಪ್ಪ, ಶಂಕರೆಪ್ಪ ಅಂದ್ರ ಡಿಜಿಟಲ್!"

ಇತಿಹಾಸದ ಪ್ರಾಧ್ಯಾಪಕ ಶಂಕರೆಪ್ಪ ಸರ್ ಈ ಘೋಷಣಾ ಹೊರಡಿಸಿದ್ದು ಯಾವ ವೇದಿಕಿ ಮ್ಯಾಲೂ ಅಲ್ಲ, ಅಡಗಿಮನಿ ಬಾಗಲದಾಗ. ಕೇಳಿದಾಕಿ ಹೆಂಡತಿ ವಿಜಯಲಕ್ಷ್ಮಿ ಒಬ್ಬಾಕಿನ. ರೊಟ್ಟಿ ಬಡಿಯೋದು ನಿಲ್ಲಸಲಾರದ ಆಕಿ ಕೇಳಿದಳು:

"ಮೊನ್ನಿ ಟಿವಿ ರಿಮೋಟಿನಾಗ ಸೆಲ್ ಉಲ್ಟಾ ಹಾಕಿದವರು ನೀವ ಹೌದಲ್ರಿ?"

"ಅದು ಬ್ಯಾರೆ ವಿಭಾಗ!" ಅಂದ್ರು ಸರ್.

ವಿಷಯ ಏನಪಾ ಅಂದ್ರ, ಡಿಸೆಂಬರಿನಾಗ ಇಂಡಿ ಊರಿನ ಅವರ ಕಾಲೇಜಿನಾಗ ದೊಡ್ಡದೊಂದು ತರಬೇತಿ ಇತ್ತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕೂ ತಾಲೂಕಿನ ಪದವಿ ಕಾಲೇಜಿನ ಮಾಸ್ತರರಿಗೆ ಡಿಜಿಟಲ್ ಕೌಶಲ ಕಲಸೋದು. ಕಲಸಾವರು ಯಾರು? ಎಲ್ಲಾರಕಿಂತ ಹಿರೇರು ಅಂತ ಶಂಕರೆಪ್ಪ ಸರ್! ಆದರ ಪ್ರಿನ್ಸಿಪಾಲರ ಷರತ್ತು ಒಂದ: ಮುಖ ನೋಡಿ ಹಾಜರಿ ಹಾಕೋ ಹೊಸ ಆ್ಯಪಿನಾಗ ಒಂದಿನಾನೂ ಗೈರು ಬೀಳಬಾರದು. ಬಿದ್ದರ ಆ ಕೆಲಸ ಕಂಪ್ಯೂಟರ್ ವಿಭಾಗದ ಪ್ರಜ್ಞಾ ಪಾಲಿಗೆ. ಪ್ರಜ್ಞಾ ಯಾರು? ಶಂಕರೆಪ್ಪ ಸರ್ ಕೈಯಾಗ ಕಲ್ತ ಹುಡುಗಿ! ನಾಲ್ಕು ತಾಲೂಕಿನ ಮಂದಿ ಮುಂದ ಆಕಿ ಹೇಳೋದು, ತಾವು ಬೆಂಚಿನ ಮ್ಯಾಲ ಕುಂತು ಬರಕೊಳ್ಳೋದು! ನೆನಸಿಕೊಂಡ್ರ ಸರ್‌ಗ ಮೈಯೆಲ್ಲಾ ಉರೀತಿತ್ತು.

ಆ್ಯಪಿನಾಗ ಮುಖ ನೋಂದಣಿ ನಡದದ್ದು ಆಗಸ್ಟಿನಾಗ, ಕಾಲೇಜಿನ ವಾರ್ಷಿಕ ಸಮಾರಂಭದ ದಿನ. ಅವತ್ತ ಸರ್‌ಗ ಇಪ್ಪತ್ತೈದು ವರ್ಷದ ಸೇವಾ ಸನ್ಮಾನ. ತಲಿಗೆ ಕೇಸರಿ ರುಮಾಲು, ಹಣಿಗೆ ಮೂರು ಬೆರಳಿನ ವಿಭೂತಿ, ಹೆಗಲಿಗೆ ಶಾಲು. ವೇದಿಕಿಯಿಂದ ಇಳದು ನೋಂದಣಿ ಪಾಳಿಯಾಗ ಎಲ್ಲಾರಕಿಂತ ಮುಂದ ಹೋಗಿ ನಿಂತ್ರು.

"ಸರ್, ಜರಾ ರುಮಾಲು ತಗೀರಿ. ದಿನಾ ಹೆಂಗ ಇರ್ತೀರಿ ಹಂಗ ಇರ್ರಿ" ಅಂದಳು ಪ್ರಜ್ಞಾ.

"ಸನ್ಮಾನ ತಲಿಮ್ಯಾಲಿಂದ ಇಳಸೂದಲ್ಲ ತಂಗಿ. ನೀ ಒತ್ತು!"

ಆಕಿ ಒತ್ತಿದಳು. ಮುಗೀತು!

ಮರುದಿನ ಮುಂಜಾನೆ ಸರ್ ಬೋಳು ತಲಿಲೆ ಫೋನಿನ ಮುಂದ ನಿಂತ್ರ, ಅದು ಸಾಹೇಬರಗತೆ ಹೇಳಿತು: "ವ್ಯಕ್ತಿ ಪತ್ತೆಯಾಗಿಲ್ಲ." ನಕ್ಕರು. ಪತ್ತೆಯಾಗಿಲ್ಲ. ಕಣ್ಣು ಕಿಸದು ನೋಡಿದ್ರು. ಪತ್ತೆಯಾಗಿಲ್ಲ! ಒಂಬತ್ತೂ ಐವತ್ತೈದಕ್ಕ ಮನಿಗೆ ಓಡಿ ಬಂದು ರುಮಾಲು ಸುತ್ತಿ, ವಿಭೂತಿ ಬಳಕೊಂಡು ನಿಂತಾಗ "ಸ್ವಾಗತ ಶಂಕರೆಪ್ಪ ಅವರೇ" ಅಂತು. ಮನಿ ಕಾಲೇಜಿನ ಕಂಪೌಂಡಿಗೆ ಹತ್ತಿದ್ದಕ್ಕ ಪಾರಾದ್ರು. ಆ ಆ್ಯಪಿನ ನಕಾಶದಾಗ ಸರ್ ಪಡಸಾಲಿನೂ ಕಾಲೇಜಿನ ಹದ್ದಿನಾಗ ಬರ್ತಿತ್ತು.

"ಪ್ರಜ್ಞಾನ್ನ ಕೇಳ್ರೆಲ್ಲ" ಅಂದಳು ವಿಜಯಲಕ್ಷ್ಮಿ.

"ನಾನು? ಆಕಿನ್ನ?"

"ಕ್ಲಾಸಿನಾಗ ಹುಡುಗರಿಗೆ ಏನ ಹೇಳ್ತೀರಿ? ಕೇಳಿದ್ರ ಯಾರೂ ಸಣ್ಣವರಾಗೂದಿಲ್ಲ ಅಂತ ಹೌದಲ್ಲೋ?"

"ಅದು ಹುಡುಗರಿಗೆ!"

ಆದರ ಸರ್‌ಗ ಒಂದು ಕುತೂಹಲ ಹುಟ್ಟಿತು ನೋಡ್ರಿ, ಅದಕ್ಕ ಮದ್ದಿಲ್ಲ. ಈ ಯಂತ್ರಕ್ಕ ನನ್ನಾಗ ಬೇಕಾದದ್ದರ ಏನು? ರುಮಾಲೋ, ವಿಭೂತಿಯೋ, ಮೀಸಿಯೋ? ರವಿವಾರ ಒಂದು ನೋಟಬುಕ್ ಹಿಡಕೊಂಡು ಸಂಶೋಧನಾಕ್ಕ ಕುಂತ್ರು. ವಿಭೂತಿ ಅಷ್ಟ: ಇಲ್ಲ. ರುಮಾಲು ಅಷ್ಟ: ಇಲ್ಲ. ಎರಡೂ ಕೂಡಿ: ಸ್ವಾಗತ! ಎರಡೂ ಕೂಡಿ, ಚಸ್ಮಾ ಇಲ್ಲದ: ಸ್ವಾಗತ! ಹಂಗಾರ ಒಳಗಿನ ಮನಷ್ಯಾಗ ಏನೂ ಬೆಲೆನ ಇಲ್ಲೇನು? ಒಂದು ಕುಂಬಳಕಾಯಿಗೆ ರುಮಾಲು ಸುತ್ತಿ, ವಿಭೂತಿ ಹಚ್ಚಿ ತೋರಿಸಿದ್ರು. ಪತ್ತೆಯಾಗಲಿಲ್ಲ. ಸರ್‌ಗ ಖರೇನ ಸಮಾಧಾನ ಆತು. ಆಮ್ಯಾಲ ಹೆಂಡತಿ ತಲಿಗೆ ರುಮಾಲು ಇಟ್ಟು ಫೋನು ಹಿಡದ್ರು.

"ವ್ಯಕ್ತಿ ಪತ್ತೆಯಾಗಿಲ್ಲ."

"ಪುಣ್ಯಾ ಬಂತು!" ಅಂದಳಾಕಿ. "ಆ ಕುಂಬಳಕಾಯಿ ಕೊಡ್ರಿ ಇಲ್ಲೆ, ಪಲ್ಯ ಮಾಡಬೇಕು."

ಹಿಂಗ ದಿನಾ ರುಮಾಲು ಸುತ್ತೋದು, ಹಾಜರಿ ಹಾಕೋದು, ಬಿಚ್ಚೋದು. ಒಂದಿನ ಬಿಚ್ಚೋದು ಮರತು ಹಂಗ ಕ್ಲಾಸಿಗೆ ಹೋದಾಗ "ಸರ್, ಯಾರ ಲಗ್ನಾರಿ?" ಅಂತ ಇಡೀ ಕ್ಲಾಸ್ ಕೇಳಿತು. ಇಪ್ಪತ್ತೈದು ವರ್ಷದಾಗ ಆ ಕ್ಲಾಸಿನಾಗ ಎದ್ದ ಮೊದಲನೇ ಪ್ರಶ್ನಿ ಅದ!

ಮರುದಿನ ಮುಂಜಾನೆ ಸರ್ ಜಳಕಕ್ಕ ಹೋಗಿದ್ರು. ಫೋನು ಪಡಸಾಲಿ ಗೋಡಿಯಾಗಿನ ಗೂಡಿನಾಗ, ಮಾಡದಾಗ, ಚಾರ್ಜಿಗಿತ್ತು. ದಿನಾ ಒಂಬತ್ತೂವರಿಗೆ ಆ ಆ್ಯಪು ತಾನ ಕಣ್ಣು ತೆರೀತಿತ್ತು, ಅವತ್ತೂ ತೆರೀತು. ಒಮ್ಮಿಂದೊಮ್ಮೆಲೆ ಖಾಲಿ ಪಡಸಾಲ್ಯಾಗ ದನಿ: "ಸ್ವಾಗತ ಶಂಕರೆಪ್ಪ ಅವರೇ. ಹಾಜರಿ ದಾಖಲಾಗಿದೆ."

ಸರ್ ಟಾವೆಲಿನ ಮ್ಯಾಲ ಓಡಿ ಬಂದ್ರು. ಪಡಸಾಲ್ಯಾಗ ನರಪಿಳ್ಳೆ ಇರಲಿಲ್ಲ. ಫೋನಿನ ಎದುರಿನ ಗೋಡಿಗೆ ತೂಗುಹಾಕಿದ್ದು ತೀರಿಕೊಂಡ ಅಪ್ಪ ರೇವಪ್ಪನವರ ಫೋಟೋ. ತಲಿಗೆ ರುಮಾಲು, ಹಣಿಗೆ ಮೂರು ಬೆರಳಿನ ವಿಭೂತಿ, ಮಗನದ ಮೂಗು, ಮಗನದ ಮೀಸಿ.

"ಅಯ್ಯ ಶಿವನ! ನಿಮ್ಮಪ್ಪ ಕಾಲೇಜಿಗೆ ಹೋದ್ರಲ್ರಿ!" ಅಂತ ವಿಜಯಲಕ್ಷ್ಮಿ ಹೊಟ್ಟಿ ಹಿಡಕೊಂಡು ನಕ್ಕಳು.

ಸರ್ ನಗಲಿಲ್ಲ. ಇದು ತಪ್ಪು ಅಂತ ಗೊತ್ತಿತ್ತು. ಆದರ ತಾವೇನು ಕಾಲೇಜಿಗೆ ಹೋಗೂದು ತಪ್ಪಸಾಕತ್ತಿರಲಿಲ್ಲಲ್ಲ? ರುಮಾಲಿನ ತ್ರಾಸು ಒಂದು ತಪ್ಪತೈತಿ, ಅಷ್ಟ! ಹಂಗಂತ ಮನಸಿಗೆ ಸಮಜಾಯಿಷಿ ಹೇಳಿ, ಫೋನಿನ ಜಾಗಾ ಮಾಡದಾಗ ಕಾಯಂ ಮಾಡಿದ್ರು.

ಡಿಸೆಂಬರ್ ಬಂತು. ಸಭಾಭವನದಾಗ ನಾಲ್ಕು ತಾಲೂಕಿನ ಎಂಬತ್ತು ಮಾಸ್ತರರು, ಮುಂದಿನ ಸಾಲಿನಾಗ ವಿಜಯಲಕ್ಷ್ಮಿ. ಪ್ರಿನ್ಸಿಪಾಲರು ಮೈಕ್ ಹಿಡದು ಹೇಳಿದ್ರು:

"ಶಂಕರೆಪ್ಪನವರ ಹಾಜರಿ ನೂರಕ್ಕ ನೂರಲ್ರಿ, ನೂರಕ್ಕ ನೂರ ಹದಿನೆಂಟು! ರವಿವಾರನೂ ತಪ್ಪಿಸಿಲ್ಲ! ದೀಪಾವಳಿ ಪಾಡ್ಯಾದ ದಿನಾನೂ ಬಂದಾರ!"

ಚಪ್ಪಾಳಿಯೋ ಚಪ್ಪಾಳಿ! ಶಾಲು ಹೊದಿಸಿ ಪ್ರಮಾಣಪತ್ರ ಕೊಟ್ರು. ಸರ್ ಬೆವತರು. ರಜಾ ದಿನ ಫೋನಿನ ಕಣ್ಣು ಮುಚ್ಚಬೇಕಾಗಿತ್ತು ಅಂತ ಅವರಿಗೆ ಹೊಳದದ್ದು ಆಗ.

"ಈಗ ಹಾಜರಿ ಹಾಕೋದು ಹೆಂಗ ಅಂತ ಅವರ ತೋರಸ್ತಾರ!" ಅಂದ್ರು ಪ್ರಿನ್ಸಿಪಾಲರು.

ಪರದೆ ಮ್ಯಾಲ ಸರ್ ಮುಖ ಬಾಗಲದಷ್ಟು ದೊಡ್ಡದಾಗಿ ಮೂಡಿತು. ಕೆಳಗ ಅದಕಿಂತ ದೊಡ್ಡ ಅಕ್ಷರ: "ವ್ಯಕ್ತಿ ಪತ್ತೆಯಾಗಿಲ್ಲ." ಮತ್ತೊಮ್ಮೆ. ಮಗದೊಮ್ಮೆ. ಹಿಂದಿನ ಬೆಂಚಿನಾಗ ಯಾರೋ ಕೆಮ್ಮಿದ್ರು. ನೆಟವರ್ಕ್ ಇಲ್ಲ ಅಂತ ಸುಳ್ಳ ಹೇಳಬಹುದಿತ್ತು. ನಾಲಿಗಿ ತುದಿತನಕಾ ಬಂತು. ಆದರ ಮುಂದಿನ ಸಾಲಿನಾಗ ವಿಜಯಲಕ್ಷ್ಮಿ ಇವರನ್ನ ನೋಡಾಕತ್ತಿದ್ದಳು, ನಗಲಾರದ.

ಸರ್ ಮೈಕ್ ಹತ್ತರ ಬಗ್ಗಿದ್ರು.

"ಪ್ರಜ್ಞಾ, ಇದು ನನಗ ಬರೂದಿಲ್ಲವಾ. ಜರಾ ಹೇಳಿಕೊಡತಿಯೇನು?"

ಆಮ್ಯಾಲ ಎಲ್ಲಾ ಹೇಳಿಬಿಟ್ರು: ರುಮಾಲು, ಕುಂಬಳಕಾಯಿ, ಅಪ್ಪ. ಸಭಾ ನಕ್ಕಿದ್ದ ನಕ್ಕಿದ್ದು. ಪ್ರಜ್ಞಾ ಬಂದು ಒಂದು ಗುಂಡಿ ಒತ್ತಿದಳು: ಮುಖ ಬದಲಿಸಿ. ಅರ್ಧ ನಿಮಿಷದ ಕೆಲಸ! ನಾಲ್ಕು ತಿಂಗಳು ಆ ಗುಂಡಿ ಅಲ್ಲೇ ಕುಂತಿತ್ತು. ನಗು ನಿಲ್ಲೂದರಾಗ ಮುದ್ದೇಬಿಹಾಳದ ಹಿರೇ ಮಾಸ್ತರ ಯುನೂಸ ಸರ್ ಕೈ ಎತ್ತಿದ್ರು: "ತಂಗೀ, ನನಗ ಪಾಸವರ್ಡ್ ಬದಲಸಾಕ ಬರೂದಿಲ್ಲ." ಆಮ್ಯಾಲ ಇನ್ನೊಂದು ಕೈ, ಮತ್ತೊಂದು ಕೈ. ಸಂಜೀತನಕಾ ಪ್ರಜ್ಞಾ ಹೇಳಿದಳು. ಶಂಕರೆಪ್ಪ ಸರ್ ಬೆಂಚಿನ ಮ್ಯಾಲ ಕುಂತು ಬರಕೊಂಡ್ರು. ಮೈ ಏನೂ ಉರೀಲಿಲ್ಲ. ಏಳೆಂಟು ಪ್ರಶ್ನಿನೂ ಕೇಳಿದ್ರು.

ಮನಿಗೆ ಬಂದು ಸಣ್ಣ ಮಾರಿ ಮಾಡಿಕೊಂಡು ಹೇಳಿದ್ರು: "ಪ್ರಮಾಣಪತ್ರ ವಾಪಸ್ ಕೊಟ್ಟ ಬಂದೆ."

"ಅದನ್ನ ವಾಪಸ್ ಕೊಡಾಕ ನೀವ್ಯಾರು?" ಅಂತ ವಿಜಯಲಕ್ಷ್ಮಿ ಅವರ ಹೆಗಲ ಮ್ಯಾಲಿನ ಶಾಲು ಎಳದುಕೊಂಡು, ಮಾವನ ಫೋಟೋಕ್ಕ ಹೊದಿಸಿ ಕೈ ಮುಗದಳು. "ಬದುಕಿದ್ದಾಗ ಒಂದಿನಾ ಸಾಲಿ ಮೆಟ್ಟಲಾ ಹತ್ತಿದವರಲ್ಲ ಮಾವನವರು. ಹಂತಾವರು ದೀಪಾವಳಿಗೂ ಸೂಟಿ ಮಾಡಲಾರದ ಕಾಲೇಜಿಗೆ ಹೋಗ್ಯಾರ. ಅವರ ಸರ್ಟಿಫಿಕೇಟ್ ನಾಳೆ ಇಸಗೊಂಡ ಬರ್ರಿ!"